ಪರರ ದಂಡಿನ ಆಸರೆ: ಮುಮ್ಮಡಿ ಕೃಷ್ಣರಾಜ ಒಡೆಯರವರ ಜೀವನ

ಬಲಿಷ್ಠವಾದ ರಾಜ್ಯವು ದುರ್ಬಲವಾದ ರಾಜ್ಯಕ್ಕೆ ಹಣವನ್ನು ಕೊಡಬಹುದು, ಧಾನ್ಯವನ್ನು ಕೊಡಬಹುದು, ವಿದ್ಯೆಯನ್ನು ಕೊಡಬಹುದು. ಅದರಿಂದ ಪಡೆದವನಿಗೆ ಋಣಭಾರವುಂಟಾದರೂ ಅವನ ಪ್ರಜೆಗಳಿಗೆ ಒಡನೆಯೇ ಕೇಡುಂಟಾಗುವುದಿಲ್ಲ. ದಂಡನ್ನು ಕೊಡುವ ಸಹಾಯವಾದರೋ ಬೇರೆ ಬಗೆಯದು. ಹೊರಗಿನ ಶತ್ರುವಿಗೆ ಎದುರಾಗಿ ನಿಲ್ಲತಕ್ಕದ್ದೆಂದು ಒಪ್ಪಂದದಲ್ಲಿ ಬರೆದಿದ್ದರೂ, ಹೊರಗೆ ಶತ್ರುವಿಲ್ಲದ ಕಾಲದಲ್ಲಿ ಆ ದಂಡು ಒಳಗಿನ ಪ್ರಜೆಯ ಕಡೆಗೆ ತಿರುಗುತ್ತದೆ. ಅದರ ನೆಳಲಿನಲ್ಲಿ ಕುಳಿತ ಅರಸನಿಗೆ ಪ್ರಜೆಯ ಒಪ್ಪಿಗೆ ಬೇಕಾಗುವುದಿಲ್ಲ; ಪ್ರಜೆಯ ಮೊರೆ ಕೇಳಿಸುವುದೂ ಇಲ್ಲ. ಇದಕ್ಕೆ ನಿದರ್ಶನವನ್ನು ದೂರದ ದೇಶಗಳಲ್ಲಿ ಅರಸಬೇಕಾಗಿಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ರೈತರ ಪೂರ್ವಿಕರು ಯಾವ ದೊರೆಗೆ ಕಂದಾಯವನ್ನು ತೆತ್ತು ಬಾಳಿದರೋ, ಆ ಮುಮ್ಮಡಿ ಕೃಷ್ಣರಾಜ ಒಡೆಯರವರ ಜೀವನವೇ ಇದಕ್ಕೆ ಸಾಕಾದ ಸಾಕ್ಷಿಯಾಗಿದೆ.

ಕೃಷ್ಣರಾಜ ಒಡೆಯರು 1794ನೆಯ ಇಸವಿ ಜುಲೈ 14ರಂದು ಶ್ರೀರಂಗಪಟ್ಟಣದಲ್ಲಿ ಜನಿಸಿದರು. ಅರಮನೆಯೆಂಬುದು ಆಗ ಹೆಸರಿಗೆ ಮಾತ್ರ ಉಳಿದಿದ್ದಿತು. ಅಧಿಕಾರವೆಲ್ಲವೂ ಟಿಪ್ಪು ಸುಲ್ತಾನನ ಕೈಯಲ್ಲಿದ್ದಿತು. ಮಗು ಎರಡು ವರ್ಷದ್ದಾಗಿರುವಾಗಲೇ ತಂದೆ ಖಾಸಾ ಚಾಮರಾಜ ಒಡೆಯರು ತೀರಿಕೊಂಡರು. ಅರಸುಮನೆತನದ ಹಕ್ಕನ್ನು ಮರಳಿ ಪಡೆಯಬೇಕೆಂದು ಹಿರಿಯರಾದ ರಾಣಿ ಲಕ್ಷ್ಮಮ್ಮಣ್ಣಿಯವರು ಅನೇಕ ವರ್ಷಗಳಿಂದ ಇಂಗ್ಲಿಷರೊಡನೆ ಗುಪ್ತವಾಗಿ ಸಂಧಾನ ನಡೆಸುತ್ತಿದ್ದರು. ಅವರ ಪರವಾಗಿ ಪ್ರಧಾನ ತಿರುಮಲರಾಯರು 1782ರಲ್ಲಿಯೇ ಕಂಪೆನಿಯವರೊಡನೆ ಒಂದು ಕರಾರನ್ನು ಮಾಡಿಕೊಂಡಿದ್ದರು. ಸೆರೆಯಂತಹ ಬಾಳನ್ನು ಬಾಳುತ್ತಿದ್ದ ಆ ರಾಣಿಯವರು ಪರರ ದಂಡನ್ನು ಕರೆದುದು ಅವಿವೇಕದಿಂದಲ್ಲ, ಬೇರೆ ದಾರಿ ಕಾಣದೆ. ದಂಡಿನ ಸಹಾಯವನ್ನು ಬೇಡುವವರು ಬಹುಮಟ್ಟಿಗೆ ಇಂತಹ ಸಂಕಟದಲ್ಲಿಯೇ ಬೇಡುತ್ತಾರೆ. ಅದರ ಬೆಲೆ ತಿಳಿಯುವುದು ಸಂಕಟವು ಕಳೆದ ಮೇಲೆ.

1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು, ಟಿಪ್ಪು ಮಡಿದನು. ಜೂನ್ 22ರ ಪಾಲು ಒಪ್ಪಂದದಂತೆ ರಾಜ್ಯವು ಕಂಪೆನಿ, ನಿಜಾಮ, ಮೈಸೂರು ಎಂದು ಹಂಚಿಹೋಯಿತು. ಜೂನ್ 30ರಂದು ಐದು ವರ್ಷದ ಬಾಲಕನಿಗೆ ಮೈಸೂರಿನಲ್ಲಿ ಪಟ್ಟಾಭಿಷೇಕವಾಯಿತು. ಹಳೆಯ ಅರಮನೆ ನೆಲಸಮವಾಗಿದ್ದುದರಿಂದ ಆ ಉತ್ಸವವನ್ನು ಚಪ್ಪರದ ಕೆಳಗೆ ನಡೆಸಬೇಕಾಯಿತು. ಜುಲೈ 8ರಂದು ಸಹಾಯಕ ಸೈನ್ಯದ ಒಪ್ಪಂದವು ಆಯಿತು. ಬಾಲಕನ ಸಮಸ್ತ ಜೀವಮಾನದ ಭಾಗ್ಯಾಭಾಗ್ಯಗಳು ಈ ಒಂದು ಒಪ್ಪಂದದಲ್ಲಿ ಅಡಗಿದ್ದವು.

ಅದರ ಷರತ್ತುಗಳನ್ನು ನಮ್ಮ ವಾಚಕರು ಸ್ವಲ್ಪ ನಿಧಾನವಾಗಿ ಗಮನಿಸಬೇಕು. ಮೈಸೂರಿನ ರಕ್ಷಣೆಗಾಗಿ ಕಂಪೆನಿಯು ತನ್ನ ಸೈನ್ಯವನ್ನು ಇರಿಸತಕ್ಕದ್ದು. ಆ ಸೈನ್ಯದ ವೆಚ್ಚಕ್ಕಾಗಿ ಮೈಸೂರು ವರ್ಷಕ್ಕೆ ಏಳು ಲಕ್ಷ ಸ್ಟಾರ್ ಪಗೋಡಗಳನ್ನು, ಅಂದರೆ ಸುಮಾರು 24.5 ಲಕ್ಷ ರೂಪಾಯಿಗಳನ್ನು, ಹನ್ನೆರಡು ಸಮನಾದ ಕಂತುಗಳಲ್ಲಿ ತಿಂಗಳು ತಿಂಗಳಿಗೂ ತೆರತಕ್ಕದ್ದು. ಇದಕ್ಕೇ ನಮ್ಮ ಜನರು ಪೊಗದಿಯೆಂದು ಹೆಸರಿಟ್ಟರು. ಪಾಲುಪಟ್ಟಿಯಲ್ಲಿ ಮೈಸೂರಿನ ಪಾಲಿಗೆ ಬಂದ ಹುಟ್ಟುವಳಿಯನ್ನು ಸುಮಾರು 13.74 ಲಕ್ಷ ಕಂಠೀರಾಯಿ ವರಹಗಳೆಂದು ಬರೆಯಲಾಗಿದ್ದಿತು. ಪೊಗದಿಯ ಮೊತ್ತವು ಆ ಹುಟ್ಟುವಳಿಯ ಅರ್ಧವನ್ನು ಮೀರುತ್ತದೆ. ನಾಲ್ಕನೆಯ ಷರತ್ತು ಇದಕ್ಕಿಂತಲೂ ತೀಕ್ಷ್ಣವಾದುದು. ಈ ಹಣವು ಸಲ್ಲದೆ ಹೋದೀತೆಂದು ಗವರ್ನರ್ ಜನರಲರಿಗೆ ಶಂಕೆಯುಂಟಾದರೆ ಸಾಕು, ರಾಜ್ಯದ ಆಡಳಿತಕ್ಕೆ ಹೊಸ ಕಟ್ಟಳೆಗಳನ್ನು ವಿಧಿಸಬಹುದು, ಇಲ್ಲವೆ ಬೇಕಾದ ಭಾಗವನ್ನು ಕಂಪೆನಿಯ ವಶಕ್ಕೆ ತೆಗೆದುಕೊಳ್ಳಬಹುದು. ಪ್ರಜೆಗಳಿಗೆ ಅನ್ಯಾಯವಾದರೆ ಸೈನ್ಯವನ್ನು ಹಿಂದಕ್ಕೆ ಕರೆಯಬೇಕೆಂಬ ಮಾತು ಮಾತ್ರ ಎಲ್ಲಿಯೂ ಇರಲಿಲ್ಲ. ಸಹಾಯಕೊಟ್ಟವರ ಕಣ್ಣು ಇದ್ದುದು ಕಂತಿನ ಮೇಲೆ.

ಈ ಸೈನ್ಯದ ಆರಂಭಕಾಲದ ಪ್ರಯೋಗಗಳಲ್ಲೊಂದು ನಮ್ಮ ಸೀಮೆಯಲ್ಲಿಯೇ ಆಯಿತು. ಅರಕಲಗೂಡಿನಿಂದ ಪಶ್ಚಿಮಕ್ಕೆ ಹೋದರೆ ಮಲೆನಾಡಿನ ಅಂಚಿನಲ್ಲಿ ಬಲಂ ಸೀಮೆ ಸಿಕ್ಕುತ್ತದೆ; ಮಂಜರಾಬಾದು, ಐಗೂರುಗಳು ಅಲ್ಲಿಯವು. ಐಗೂರಿನ ಪಾಳೆಯಗಾರನು ಹೊಸ ಆಳ್ವಿಕೆಗೆ ತಲೆಬಾಗಲಿಲ್ಲ. ಅವನು ಅರೆಕೆರೆಯ ಕಾಡಿನಲ್ಲಿ ಕೋಟೆಕಟ್ಟಿ ನಿಂತನು. 1800ರಲ್ಲಿ ಹೋದ ದಂಡಿನಿಂದ ಅವನು ಅಡಗಲಿಲ್ಲ. 1802ರ ಜನವರಿಯಲ್ಲಿ ಆರ್ಥರ್ ವೆಲ್ಲೆಸ್ಲಿ ತಾನೇ ಸೈನ್ಯದೊಡನೆ ಬಂದು ಆ ಕಾಡಿನ ಕೋಟೆಯನ್ನು ಹಿಡಿದನು. ಮುಂದೆ ವಾಟರ್ಲೂ ಕದನದಿಂದ ಜಗತ್ಪ್ರಸಿದ್ಧನಾದ ವೆಲಿಂಗ್ಟನ್ ಡ್ಯೂಕನು ಇವನೇ. ಫೆಬ್ರವರಿಯಲ್ಲಿ ಪಾಳೆಯಗಾರನು ಸಿಕ್ಕಿಬಿದ್ದನು. ಅವನನ್ನೂ ಅವನ ಕೆಲವರು ಸಂಗಡಿಗರನ್ನೂ ಗಲ್ಲಿಗೇರಿಸಲಾಯಿತು. ಜನರಿಂದ ಆಯುಧಗಳನ್ನು ಕಸಿದುಕೊಂಡು, ಕಾಡನ್ನು ಸೀಳಿ ದಾರಿಗಳನ್ನು ತೆಗೆದರು. ಪಾಳೆಯಗಾರನ ಆಳ್ವಿಕೆ ಪ್ರಜೆಗೆ ಸುಖದ್ದಾಗಿದ್ದಿತೆಂದು ನಾವು ಹೇಳುವುದಿಲ್ಲ. ಆದರೆ ಹೊರಗಿನ ಶತ್ರುವಿಗಾಗಿ ಪಡೆದ ಸೈನ್ಯವು ಮೂರು ವರ್ಷ ತುಂಬುವುದರೊಳಗೆ ನಾಡಿನ ಒಳಗಣ ವ್ಯಾಜ್ಯವನ್ನು ಗಲ್ಲುಮರದಿಂದ ತೀರಿಸುವ ಸಾಧನವಾಯಿತೆಂಬುದು ನಿಜವಾದ ಸಂಗತಿ. ದೊರೆಯು ಆಗ ಇನ್ನೂ ಏಳು ವರ್ಷದ ಹುಡುಗ.

ದೊರೆಯ ಬಾಲ್ಯಕಾಲದಲ್ಲಿ ರಾಜ್ಯವನ್ನು ನಡೆಸಿದವರು ದಿವಾನ್ ಪೂರ್ಣಯ್ಯನವರು. ಹೈದರನ ಕಾಲದಿಂದಲೂ ಲೆಕ್ಕಪತ್ರಗಳಲ್ಲಿ ಪಳಗಿದ ಆ ಚತುರ ಮಂತ್ರಿಗಳು ಪೊಗದಿಯ ಕಂತನ್ನು ಒಂದು ತಿಂಗಳೂ ತಪ್ಪದಂತೆ ಸಲ್ಲಿಸುತ್ತಿದ್ದರು. 1803ರ ಮರಾಠಾ ಯುದ್ಧದಲ್ಲಿ ಮೈಸೂರಿನ ಸಿಲ್ಲೇದಾರ್ ಕುದುರೆಗಳು ಕಂಪೆನಿಗೆ ನೆರವಾದವು. 1807ರ ಪೂರಕ ಒಪ್ಪಂದದಿಂದ 4,000 ಕುದುರೆಸವಾರರನ್ನು ಸದಾ ಸಿದ್ಧವಾಗಿರಿಸುವ ಹೊಣೆಯೂ ಮೈಸೂರಿನ ಮೇಲೆ ಬಿದ್ದಿತು. ರಕ್ಷಣೆಯನ್ನು ಹಣಕೊಟ್ಟು ಕೊಂಡವನು, ಮಾರಿದವನ ಯುದ್ಧಗಳಿಗೆ ತನ್ನ ಮಕ್ಕಳನ್ನೂ ಕಳುಹಿಸಬೇಕಾಯಿತು. 1809ರಲ್ಲಿ ಬೆಂಗಳೂರಿನ ದಂಡು ಪ್ರದೇಶವು ಸ್ಥಾಪಿತವಾಯಿತು. 1810ರಲ್ಲಿ ರಾಣಿ ಲಕ್ಷ್ಮಮ್ಮಣ್ಣಿಯವರು ಕಾಲವಾದರು. 1811ರಲ್ಲಿ ದೊರೆಗಳು ಆಡಳಿತವನ್ನು ಸ್ವಹಸ್ತಕ್ಕೆ ತೆಗೆದುಕೊಂಡರು. ಪೂರ್ಣಯ್ಯನವರು ಮರುವರ್ಷ ಶ್ರೀರಂಗಪಟ್ಟಣದಲ್ಲಿ ದೇಹವಿಟ್ಟರು. ಅವರು ಬೊಕ್ಕಸದಲ್ಲಿ ಎರಡು ಕೋಟಿ ರೂಪಾಯಿಗಳಿಗೆ ಮಿಗಿಲಾಗಿ ಉಳಿಸಿಹೋದರೆಂದು ಹೇಳುವುದುಂಟು.

ಹದಿನಾರು ವರ್ಷದ ಅರಸರು ಸ್ವಭಾವತಃ ಉದಾರಿಗಳು, ದೈವಭಕ್ತರು, ಕಲಾರಸಿಕರು. ಕೇಡಿನ ಬುದ್ಧಿ ಅವರಲ್ಲಿರಲಿಲ್ಲವೆಂದು ಅವರ ಶತ್ರುಗಳೂ ಒಪ್ಪುತ್ತಿದ್ದರು. ಆದರೆ ದಾನಕ್ಕೂ ದರ್ಬಾರಿಗೂ ಮಿತಿಯಿರಲಿಲ್ಲ. ಬೊಕ್ಕಸವು ಬರಿದಾಗುತ್ತ ಬಂದು ಸಾಲವು ಬೆಳೆಯಿತು. ಎಲ್ಲ ವೆಚ್ಚಗಳನ್ನೂ ಮುಂದಕ್ಕೆ ಹಾಕಬಹುದಾಗಿದ್ದಿತು, ಪೊಗದಿಯೊಂದನ್ನು ಬಿಟ್ಟು. ಸಿಪಾಯಿಗಳ ಸಂಬಳವು ನಿಂತರೂ ಕಂಪೆನಿಯ ಕಂತು ನಿಲ್ಲುವಂತಿರಲಿಲ್ಲ. ಆದುದರಿಂದ ಹಣವು ಎಲ್ಲಿ ಸಿಕ್ಕುವುದೋ ಅಲ್ಲಿಂದ ಹಿಂಡಬೇಕಾಯಿತು. ಸಿಕ್ಕುವ ಸ್ಥಳವು ರೈತನ ಮನೆಯ ಹೊರತು ಮತ್ತೊಂದಿಲ್ಲ.

ಹಿಂಡುವುದಕ್ಕೆ ದೊರೆತ ಉಪಾಯವೇ ಶರತ್ತಿನ ಪದ್ಧತಿ. ಇಂತಿಷ್ಟು ಹಣವನ್ನು ತಾಲ್ಲೂಕಿನಿಂದ ವಸೂಲುಮಾಡಿ ಕೊಡುವೆನೆಂದು ಅಮಲ್ದಾರನು ಶರತ್ತು ಬರೆದುಕೊಡಬೇಕು. ಕಡಮೆಯಾದರೆ ಕೈಯಿಂದ ತುಂಬಬೇಕು. ಹೆಚ್ಚಾದರೆ ಅದು ಸರ್ಕಾರಕ್ಕೆ. ಇಂತಹ ಶರತ್ತಿಗೆ ಒಪ್ಪಿದ ಅಮಲ್ದಾರನು ಮಳೆಬೆಳೆಗಳನ್ನು ನೋಡಿ ವಸೂಲು ಮಾಡುವನೆ? ಶರತ್ತನ್ನು ನೋಡಿ ಮಾಡುವನು. ಅದೇ ಕಾಲದಲ್ಲಿ ಧಾನ್ಯದ ಬೆಲೆ ಇಳಿದಿದ್ದಿತು. ರೈತನು ಅಷ್ಟೇ ಕಂದಾಯವನ್ನು ತೆರಲು ಹಿಂದಿಗಿಂತ ಹೆಚ್ಚು ರಾಗಿಯನ್ನೂ ಭತ್ತವನ್ನೂ ಮಾರಬೇಕಾಯಿತು. ಕಂದಾಯದ ಜೊತೆಗೆ ಬಿಡಿ ತೆರಿಗೆಗಳ ಕಾಟವೂ ಇದ್ದಿತು. ಮುಂದೆ ಮಾರ್ಕ್ ಕಬ್ಬನ್ನನ ಆಡಳಿತವು ತೆಗೆದುಹಾಕಿದ ಬಿಡಿ ತೆರಿಗೆಗಳ ಸಂಖ್ಯೆಯೇ 769 ಎಂದರೆ ಆ ಹೊರೆಯ ಸ್ವರೂಪವನ್ನು ಊಹಿಸಬಹುದು.

ಪ್ರಾಚೀನಕಾಲದಲ್ಲಿ ಇಂತಹ ಸಂಕಟಕ್ಕೆ ನಮ್ಮ ಜನರಲ್ಲಿ ಒಂದು ಮದ್ದು ಇದ್ದಿತು. ರೈತರು ಊರುಬಿಟ್ಟು ಹೋಗುತ್ತಿದ್ದರು. ಇಲ್ಲವೆ ಕೂಟ ಸೇರಿ, ಅಹವಾಲು ತೀರುವವರೆಗೆ ಕಂದಾಯವನ್ನು ಕೊಡೆವೆಂದು ಕುಳಿತುಬಿಡುತ್ತಿದ್ದರು. ಅರಸನ ಬಲವೆಂದರೆ ಹಳ್ಳಿಹಳ್ಳಿಯ ಕಂದಾಚಾರದ ಆಳುಗಳು; ಅವರೂ ರೈತರ ಅಣ್ಣತಮ್ಮಂದಿರೇ. ಆ ಬಲವನ್ನು ಊರಿನ ಮೇಲೆ ಬಹುಕಾಲ ನಡೆಸುವುದು ಯಾವ ಅರಸನಿಗೂ ಸಾಧ್ಯವಿರಲಿಲ್ಲ. ಆದುದರಿಂದ ಒಂದು ಹಂತದಲ್ಲಿ ಅವನು ಮಾತಿಗೆ ಬರಲೇಬೇಕಾಗಿದ್ದಿತು. ಸಹಾಯಕ ಸೈನ್ಯವು ಬಂದ ಮೇಲೆ ಈ ತಕ್ಕಡಿಯು ಕೆಟ್ಟಿತು. ಕೂಲಿಯ ದಂಡಿಗೆ ಊರಿನ ಸಂಬಂಧವಿಲ್ಲ. ದೊರೆಗೆ ಮಾತಿಗೆ ಬರುವ ಅಗತ್ಯವಿಲ್ಲ.

ಅಪಾಯವು ಕಾಣದೆ ಇರಲಿಲ್ಲ. ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ 1825ರಲ್ಲಿ ಮೈಸೂರಿಗೆ ಬಂದು ದೊರೆಗಳನ್ನು ಎಚ್ಚರಿಸಿದನು. ಆದರೆ ಅವನ ಎಚ್ಚರಿಕೆಯ ಹಿಂದೆ ಇದ್ದುದು ನಾಲ್ಕನೆಯ ಷರತ್ತು. ಲೆಕ್ಕವು ಸರಿಹೋಗದಿದ್ದರೆ ರಾಜ್ಯವು ಹೋದೀತೆಂಬ ಬೆದರಿಕೆಯು ದೊರೆಯನ್ನು ಪ್ರಜೆಯ ಕಡೆಗೆ ತಿರುಗಿಸಲಿಲ್ಲ. ಕಂತಿನ ಕಡೆಗೇ ಇನ್ನಷ್ಟು ತಿರುಗಿಸಿತು. ರೆಸಿಡೆಂಟರು ವರ್ಷಗಟ್ಟಲೆ ರಾಜಧಾನಿಯಲ್ಲಿಯೇ ಇದ್ದರು. ಅಮಲ್ದಾರರ ಹಾವಳಿಯು ಅವರಿಗೆ ತಿಳಿಯದ ವಿಷಯವಾಗಿರಲಿಲ್ಲ.

1830ರಲ್ಲಿ ನಗರದ ಸೀಮೆಯಲ್ಲಿ ಕೂಟಗಳು ಪ್ರಾರಂಭವಾದವು. ಹಳ್ಳಿಯಿಂದ ಹಳ್ಳಿಗೆ ಓಲೆಗಳು ಹೋದವು. ರೈತರು ಕಂದಾಯವನ್ನು ನಿಲ್ಲಿಸಿ ನೆರೆದರು. ತಾನು ನಗರದ ರಾಜವಂಶೀಯನೆಂದು ಹೇಳಿಕೊಂಡ ಬೂದಿ ಬಸಪ್ಪನು ಅವರ ಮುಂದಾಳಾದನು. ತರೀಕೆರೆಯ ಪಾಳೆಯಗಾರನೂ ಎದ್ದನು. ಮಂಜರಾಬಾದಿನ ಕಡೆಗೂ ಅಶಾಂತಿಯು ಹಬ್ಬಿತು. ಅದೇ ವರ್ಷಗಳಲ್ಲಿ ಕಂಪೆನಿಯೇ ನೇರವಾಗಿ ಆಳುತ್ತಿದ್ದ ಕನ್ನಡ ಜಿಲ್ಲೆಯಲ್ಲಿಯೂ ರೈತರು ಹೀಗೆಯೇ ಕೂಟ ಸೇರಿದರೆಂಬುದನ್ನು ಮರೆಯಬಾರದು. ಮೈಸೂರಿನ ಅರಸರೊಬ್ಬರ ದೋಷದಿಂದಲೇ ಎಲ್ಲವೂ ಆಯಿತೆಂಬ ವಾದಕ್ಕೆ ಇದೊಂದೇ ಸಾಕಾದ ಉತ್ತರ.

ಮೊದಲು ಹೋದ ಅಧಿಕಾರಿಗಳು ಅಹವಾಲುಗಳನ್ನು ಕೇಳಿದಂತೆ ಮಾಡಿ ಕಾಲಕಳೆದರು. ಬಳಿಕ ದಂಡು ಹೊರಟಿತು. 1830ರ ಡಿಸೆಂಬರಿನಲ್ಲಿ ಹೊಳೆಹೊನ್ನೂರಿನಲ್ಲಿ ನೆರೆದಿದ್ದ ರೈತರನ್ನು ಬಲದಿಂದ ಚದರಿಸಿದಾಗ ಅನೇಕರು ಸತ್ತರು. ಅದೇ ತಿಂಗಳು ದೊರೆಗಳು ತಾವೇ ಚನ್ನರಾಯಪಟ್ಟಣದ ಕಡೆಗೆ ದಂಡಿನೊಡನೆ ಸವಾರಿ ಬಂದರು. ರೆಸಿಡೆಂಟರೂ ಸಂಗಡ ಇದ್ದರು. ಜನರಿಗೆ ಭಯಹುಟ್ಟಿಸುವುದಕ್ಕಾಗಿ ಕ್ರೂರವಾದ ಶಿಕ್ಷೆಗಳು ನಡೆದವು. ಧರ್ಮಿಷ್ಠರೆಂದು ಹೆಸರಾದ ದೊರೆಯ ಹಸ್ತದಿಂದ ಇದು ನಡೆಯಿತೆಂಬುದೇ ವಿಚಾರಮಾಡಬೇಕಾದ ಸಂಗತಿ. ಬೆನ್ನ ಹಿಂದೆ ಪರರ ಬಲವಿರುವಾಗ ಸಜ್ಜನನಾದ ಅರಸನೂ ಸಂಧಾನಕ್ಕಿಂತ ಶಿಕ್ಷೆಯೇ ಸುಲಭವೆಂದು ತಿಳಿಯುತ್ತಾನೆ. ಶಿಕ್ಷೆಯಿಂದ ದಂಗೆಯು ಅಡಗಲಿಲ್ಲ. ದೊರೆಗಳ ಸ್ವಂತ ಸೈನ್ಯವು ಸಾಲದಾಯಿತು. ಕಂಪೆನಿಯ ದಂಡನ್ನು ಬೇಡಲಾಯಿತು. 1831ರ ಜೂನ್ ತಿಂಗಳಲ್ಲಿ ಆ ದಂಡು ನಗರದ ಕೋಟೆಯನ್ನು ಹಿಡಿಯಿತು.

ಬೇಡಿದ ಸಹಾಯವು ಬಂದಿತು. ಅದರ ಹಿಂದೆಯೇ ಬೇಡದಿದ್ದುದೂ ಬಂದಿತು. ಗವರ್ನರ್ ಜನರಲ್ ಲಾರ್ಡ್ ವಿಲಿಯಂ ಬೆಂಟಿಂಕನು 1831ರ ಸೆಪ್ಟೆಂಬರ್ 7ರ ಕಾಗದದಿಂದ ನಾಲ್ಕನೆಯ ಷರತ್ತನ್ನು ಜಾರಿಗೆ ತಂದನು. ಅಕ್ಟೋಬರ್ 19ರಂದು ದೊರೆಗಳು ಪ್ರತಿಭಟಿಸದೆ ರಾಜ್ಯವನ್ನು ಒಪ್ಪಿಸಿದರು. ಅವರಿಗೆ ವರ್ಷಕ್ಕೆ ಒಂದು ಲಕ್ಷ ಸ್ಟಾರ್ ಪಗೋಡಗಳೂ ನಿವ್ವಳ ಹುಟ್ಟುವಳಿಯ ಐದನೆಯ ಒಂದು ಪಾಲೂ ಗೊತ್ತಾಯಿತು. ಆಗ ಅವರಿಗೆ 37 ವರ್ಷ ವಯಸ್ಸು.

ಇಲ್ಲಿ ನ್ಯಾಯದ ಕ್ರಮವನ್ನು ನೋಡಿರಿ. ದಂಗೆಯ ಕಾರಣಗಳನ್ನು ವಿಚಾರಿಸುವುದಕ್ಕಾಗಿ ಹಾಕರ್, ಮಾರಿಸನ್, ಮೆಕ್ಲಿಯಡ್, ಕಬ್ಬನ್ ಎಂಬ ನಾಲ್ವರ ಸಮಿತಿಯು ನೇಮಕವಾಯಿತು. ಅದು ವರದಿಯನ್ನು ಒಪ್ಪಿಸಿದುದು 1833ರ ಡಿಸೆಂಬರಿನಲ್ಲಿ. ಅಂದರೆ ದಂಡನೆಯಾಗಿ ಎರಡು ವರ್ಷಗಳಾದ ಮೇಲೆ ವಿಚಾರಣೆ ಮುಗಿಯಿತು. ಅಮಲ್ದಾರರ ದಬ್ಬಾಳಿಕೆಯನ್ನೂ ಶರತ್ತಿನ ಕೇಡನ್ನೂ ಸಮಿತಿಯು ಎತ್ತಿ ತೋರಿಸಿತು. ದೊರೆಯ ದೋಷವನ್ನು ತೋರಿಸಿದವರು ಅಷ್ಟೂ ವರ್ಷಗಳು ಆ ದೋಷದ ಹಣವನ್ನು ಕಂತುಕಂತಾಗಿ ಎಣಿಸಿಕೊಂಡವರ ಪಾಲನ್ನು ಅದೇ ತಕ್ಕಡಿಯಲ್ಲಿ ತೂಗಲಿಲ್ಲ. ಬೆಂಟಿಂಕನಿಗೇ ಮುಂದೆ ಸಂದೇಹ ಹುಟ್ಟಿತು. 1834ರಲ್ಲಿ ರಾಜ್ಯದ ಒಂದು ಭಾಗವನ್ನು ದೊರೆಗಳಿಗೆ ಹಿಂದಿರುಗಿಸುವ ಸಲಹೆಯನ್ನು ಮಾಡಿದನು. ವಿಲಾಯಿತಿಯ ಅಧಿಕಾರಿಗಳು ಅದಕ್ಕೆ ಒಪ್ಪಲಿಲ್ಲ.

1834ರಿಂದ 1861ರವರೆಗೆ ಮಾರ್ಕ್ ಕಬ್ಬನ್ನನು ಕಮಿಷನರನಾಗಿ ಆಳಿದನು. ಅವನ ಕಾಲದಲ್ಲಿ ಶರತ್ತು ಹೋಯಿತು, ಬಿಡಿ ತೆರಿಗೆಗಳು ಹೋದವು, ರಸ್ತೆಗಳಾದವು. ರೈತನು ಸ್ವಲ್ಪ ಉಸಿರಾಡಿದನು. ಈ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಇದೇ ಸುಧಾರಣೆಗಳನ್ನು ಸಹಾಯದ ಷರತ್ತಾಗಿ 1799ರಲ್ಲಿಯೇ ಏಕೆ ವಿಧಿಸಬಾರದಾಗಿದ್ದಿತೆಂದು ಕೇಳುವ ಹಕ್ಕು ನಮಗಿದೆ. ಅಂದು ಪೊಗದಿಯನ್ನು ತಗ್ಗಿಸಿ ಪ್ರಜೆಯ ಅಹವಾಲಿಗೆ ಒಂದು ಸ್ಥಾನವನ್ನು ಕೊಟ್ಟಿದ್ದರೆ ಹೊಳೆಹೊನ್ನೂರಿನ ಹೆಣಗಳು ಬೀಳುತ್ತಿರಲಿಲ್ಲ.

ಪದಚ್ಯುತರಾದ ದೊರೆಗಳು ಇನ್ನೂ 36 ವರ್ಷಗಳ ಕಾಲ ಮೈಸೂರಿನ ಅರಮನೆಯಲ್ಲಿ ಬಾಳಿದರು. ಈ ಕಾಲವೇ ಕನ್ನಡನಾಡಿಗೆ ಅವರನ್ನು ಚಿರಸ್ಮರಣೀಯರನ್ನಾಗಿ ಮಾಡಿತು. ಅವರ ಆಸ್ಥಾನವು ಪಂಡಿತರಿಗೂ ಗಾಯಕರಿಗೂ ಚಿತ್ರಕಾರರಿಗೂ ತೌರುಮನೆಯಾಯಿತು. ಶ್ರೀತತ್ತ್ವನಿಧಿಯೆಂಬ ಸಚಿತ್ರ ಮಹಾಗ್ರಂಥವು ಅವರ ಹೆಸರಿನಲ್ಲಿ ಸಿದ್ಧವಾಯಿತು. 1833ರಲ್ಲಿ ಮೈಸೂರಿನಲ್ಲಿ ಇಂಗ್ಲಿಷ್ ಶಾಲೆಯನ್ನು ಸ್ಥಾಪಿಸಿದರು. 1861ರಲ್ಲಿ ಜಗನ್ಮೋಹನ ಅರಮನೆಯು ಎದ್ದಿತು. ಚದುರಂಗದಾಟದಲ್ಲಿ ಅವರ ಪ್ರತಿಭೆಯು ಪ್ರಸಿದ್ಧವಾದುದು. ಚದುರಂಗದ ಹಲಗೆಯ ಮೇಲೆ ಹೊರತು ಬೇರೆಲ್ಲಿಯೂ ದಂಡನ್ನು ನಡೆಸುವ ಅಧಿಕಾರವು ಅವರಿಗೆ ಉಳಿದಿರಲಿಲ್ಲ.

ರಾಜ್ಯವನ್ನು ಮರಳಿ ಪಡೆಯುವ ಆಸೆಯನ್ನು ಅವರು ಎಂದೂ ಬಿಡಲಿಲ್ಲ. ಒಬ್ಬ ಗವರ್ನರ್ ಜನರಲನ ತರುವಾಯ ಮತ್ತೊಬ್ಬನಿಗೆ ಅರ್ಜಿಗಳು ಹೋದವು, ನಿರಾಕರಣೆಗಳು ಬಂದವು. 1857ರ ಮಹಾಕ್ಷೋಭೆಯಲ್ಲಿಯೂ ಅವರು ಕಂಪೆನಿಯ ಪಕ್ಷವನ್ನು ಬಿಡಲಿಲ್ಲ. ಅದಕ್ಕಾಗಿ ಕ್ಯಾನಿಂಗನಿಂದ ವಂದನೆಗಳು ಬಂದವು. 1862ರಲ್ಲಿ ಅವನಿಂದಲೇ ರಾಜ್ಯವಿಲ್ಲವೆಂಬ ಉತ್ತರವೂ ಬಂದಿತು. 1865ರ ಜೂನ್ 18ರಂದು ಅವರು ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಇಂಗ್ಲೆಂಡಿನಲ್ಲಿ ಇವಾನ್ಸ್ ಬೆಲ್ ಮೊದಲಾದ ನ್ಯಾಯಪ್ರಿಯರು ಮೈಸೂರಿನ ಪರವಾಗಿ ಬರೆದರು. ಕಡೆಗೆ 1867ರಲ್ಲಿ ಭಾರತಮಂತ್ರಿ ಸ್ಟಾಫರ್ಡ್ ನಾರ್ತ್‌ಕೋಟನು ದತ್ತಕವನ್ನು ಮಾನ್ಯಮಾಡಿದನು. ಮರುವರ್ಷ, 1868ರ ಮಾರ್ಚ್ 27ರಂದು, 73 ವರ್ಷ ವಯಸ್ಸಿನ ದೊರೆಗಳು ಸ್ವರ್ಗಸ್ಥರಾದರು. ರಾಜ್ಯವು ಮನೆತನಕ್ಕೆ ಮರಳಿದುದು 1881ರ ಮಾರ್ಚ್ 25ರಂದು. ಆಗಲೂ ಪೊಗದಿಯನ್ನು ಬಿಡಲಿಲ್ಲ. 35 ಲಕ್ಷಕ್ಕೆ ಏರಿಸಿದರು. ಹೆಚ್ಚಿನ 10.5 ಲಕ್ಷವನ್ನು ಕೆಲಕಾಲ ಮುಂದೂಡಿದರೂ, ಅದು ಪೂರ್ಣವಾಗಿ ರದ್ದಾದುದು 1928ರಲ್ಲಿ. ಪರರ ದಂಡಿನ ಬಾಡಿಗೆಯನ್ನು ಮೈಸೂರಿನ ರೈತನು ಒಂದೂಕಾಲು ಶತಮಾನಕ್ಕೂ ಮಿಗಿಲಾಗಿ ತೆತ್ತನು.

ಮೈಸೂರಿಗೆ ಮಾತ್ರ ಬಂದ ಗತಿ ಇದಲ್ಲ. ಹೈದರಾಬಾದಿನ ನಿಜಾಮನು ತನ್ನ ರಕ್ಷಣೆಗೆಂದು ಇಟ್ಟ ಸೈನ್ಯದ ಬಾಕಿಗಾಗಿ 1853ರಲ್ಲಿ ಬೀರಾರನ್ನು ಬಿಟ್ಟುಕೊಡಬೇಕಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಒಪ್ಪಂದಗಳ ಹೆಸರು ಬದಲಾಯಿತು, ಗುಣವು ಬದಲಾಗಲಿಲ್ಲ. ಅಮೆರಿಕವು ಪಾಕಿಸ್ತಾನಕ್ಕೆ ಆಯುಧಗಳನ್ನು ಕೊಟ್ಟುದು ಹೊರಗಿನ ಶತ್ರುಭಯದ ಹೆಸರಿನಲ್ಲಿ. 1971ರಲ್ಲಿ ಆ ಸೈನ್ಯವು ಪೂರ್ವಬಂಗಾಳದ ತನ್ನ ಪ್ರಜೆಗಳ ಮೇಲೆಯೇ ತಿರುಗಿತು. ಸುಮಾರು ಒಂದು ಕೋಟಿ ಜನರು ಮನೆಮಠಗಳನ್ನು ಬಿಟ್ಟು ಭಾರತಕ್ಕೆ ಬಂದರು. ಘೋರವಾದ ಮಾನವ ಹಕ್ಕುಗಳ ಉಲ್ಲಂಘನೆ ಮಾಡಿದ ಪರದೇಶದ ಸೈನ್ಯದಳಗಳಿಗೆ ಸಹಾಯ ಸಲ್ಲದೆಂಬ ನಿಯಮವು 1997ರಿಂದ ಈಚೆಗೆ ಅಮೆರಿಕದ ಶಾಸನದಲ್ಲಿ ಸೇರಿದೆ. ಅದನ್ನು ತಂದ ಸೆನೆಟರ್ ಪ್ಯಾಟ್ರಿಕ್ ಲೇಹಿಯ ಹೆಸರಿನಿಂದಲೇ ಅದು ಪ್ರಸಿದ್ಧವಾಗಿದೆ. ಒಳ್ಳೆಯ ನಿಯಮವೇ ಸರಿ. ಆದರೆ ಕೊಡುವವನು ತನ್ನ ಲಾಭವನ್ನು ಬದಿಗಿಟ್ಟು ಅದನ್ನು ನಡೆಸಿದಾಗ ಮಾತ್ರ ಅದಕ್ಕೆ ಬೆಲೆ.

ಇಂದು ಭಾರತವು ಸ್ವತಂತ್ರವಾದ ರಾಷ್ಟ್ರ. ನೆರೆಹೊರೆಯ ದೇಶಗಳ ಸೈನಿಕರಿಗೆ ತಾನೂ ಶಿಕ್ಷಣವನ್ನು ಕೊಡುತ್ತದೆ, ಆಯುಧಗಳನ್ನೂ ಕೊಡುತ್ತದೆ. ಆದುದರಿಂದ ಮುಮ್ಮಡಿ ಕೃಷ್ಣರಾಜ ಒಡೆಯರವರ ಜೀವನವನ್ನು ನಾವು ಪಡೆದವರ ಕಣ್ಣಿನಿಂದ ಮಾತ್ರವಲ್ಲದೆ ಕೊಡುವವರ ಕಣ್ಣಿನಿಂದಲೂ ಓದಬೇಕಾಗಿದೆ. ದಂಡಿನ ಸಹಾಯವನ್ನು ಕೊಡುವಾಗ ಅದು ಯಾರ ಮೇಲೆ ಪ್ರಯೋಗವಾಗುವುದೆಂದು ಕೇಳಬೇಕು. ಅದರ ವೆಚ್ಚವು ಯಾರ ಹೊಟ್ಟೆಯಿಂದ ಬರುವುದೆಂದು ಕೇಳಬೇಕು. ಅನ್ಯಾಯವಾದರೆ ಪ್ರಜೆಯು ಯಾರಲ್ಲಿ ಮೊರೆಯಿಡಬೇಕೆಂಬುದನ್ನು ಮೊದಲೇ ಗೊತ್ತುಮಾಡಬೇಕು. ಈ ಮೂರು ಪ್ರಶ್ನೆಗಳಿಗೂ 1799ರ ಒಪ್ಪಂದದಲ್ಲಿ ಸ್ಥಳವಿರಲಿಲ್ಲ. ಅದರ ಫಲವಾಗಿ ರೈತನು ಪ್ರಾಣವನ್ನು ಕಳೆದುಕೊಂಡನು, ದೊರೆಯು ರಾಜ್ಯವನ್ನು ಕಳೆದುಕೊಂಡನು. ನಷ್ಟವಿಲ್ಲದೆ ಉಳಿದವನು ದಂಡನ್ನು ಕೊಟ್ಟವನೊಬ್ಬನೇ. ಅಂತಹ ಒಪ್ಪಂದಕ್ಕೆ ನಮ್ಮ ಸರ್ಕಾರವು ಎಂದೂ, ಯಾವ ದೇಶದೊಡನೆಯೂ, ಕೈಹಾಕಕೂಡದು.